ಗುಡಿ ಕಟ್ಟಿಸಿದವರಿಗೇ ಹಾಡೋಕೆ ಜಾಗ ಇರಲಿಲ್ಲ: ಬೆಂಗಳೂರು ನಾಗರತ್ನಮ್ಮನವರ ಗುರಿ ಮತ್ತು ಛಲ

ಹಾಸನ: ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಅಂದ್ರೆ ಸಂಗೀತಗಾರರ ಊರು. ಆರ್.ಕೆ. ಶ್ರೀಕಂಠನ್ ಈ ಊರಿನವರು. ರುದ್ರಪಟ್ಟಣಂ ಸಹೋದರರು ಎಂದೇ ಹೆಸರಾದ ತ್ಯಾಗರಾಜನ್, ತಾರಾನಾಥನ್ ಅವರ ಹೆಸರಿನಲ್ಲೇ ಊರಿದೆ. ತಂಬೂರಿ ಆಕಾರದಲ್ಲಿ ಕಟ್ಟಿದ ಗುಡಿಯನ್ನು ನೋಡೋಕೆ ಇಂದಿಗೂ ಹೊರಗಿನಿಂದ ಜನ ಬರ್ತಾರೆ.

ರುದ್ರಪಟ್ಟಣ, ರಾಮನಾಥಪುರಗಳನ್ನು ದಾಟಿ ಹೋಗುವ ಕಾವೇರಿಗೆ ಮುಂದೆ ಹೊಳೆನರಸೀಪುರದ ಮೇಲೆ ಹಾದು ಬಂದ ನಮ್ಮ ಹೇಮಾವತಿ ಸೇರುತ್ತೆ. ಇನ್ನೂ ಮುಂದೆ ತಿರುಮಕೂಡಲು ನರಸೀಪುರದಲ್ಲಿ ನಂಜನಗೂಡಿನ ಕಪಿಲೆ ಸೇರುತ್ತೆ. ಹೀಗೆ ಎಲ್ಲ ಕೂಡಿಕೊಂಡ ನೀರು ತಮಿಳುನಾಡಿನ ತಂಜಾವೂರಿನ ಹತ್ತಿರ ತಿರುವಯ್ಯಾರು ಎಂಬ ಊರನ್ನು ಮುಟ್ಟುತ್ತೆ. ಅಲ್ಲಿ ಹೊಳೆಯ ದಡದಲ್ಲೇ ತ್ಯಾಗರಾಜರ ಸಮಾಧಿ ಇದೆ. ಪ್ರತಿ ವರ್ಷ ಪುಷ್ಯ ಬಹುಳ ಪಂಚಮಿಯಂದು ನೂರಾರು ಕಲಾವಿದರು ಸಾಲಾಗಿ ಕೂತು ಪಂಚರತ್ನ ಕೃತಿಗಳನ್ನು ಹಾಡೋದು ಟಿವಿಯಲ್ಲಿ ಬರುತ್ತೆ. ನಮ್ಮ ಜಿಲ್ಲೆಯಲ್ಲೂ ಎಷ್ಟೋ ಮನೆಗಳಲ್ಲಿ ಅದನ್ನು ಕೂತು ನೋಡ್ತಾರೆ.

ಆ ಸಮಾಧಿಯ ಮೇಲೆ ಗುಡಿ ಕಟ್ಟಿಸಿದ್ದು ಯಾವ ರಾಜನೂ ಅಲ್ಲ, ಸಾಹುಕಾರನೂ ಅಲ್ಲ. ಕಪಿಲೆಯ ದಡದ ನಂಜನಗೂಡಿನಲ್ಲಿ ಹುಟ್ಟಿದ ಒಬ್ಬ ಹೆಣ್ಣುಮಗಳು, ಬೆಂಗಳೂರು ನಾಗರತ್ನಮ್ಮ. ತಾವೇ ದುಡಿದ ಹಣ, ತಮ್ಮದೇ ಒಡವೆ ಹಾಕಿ ಅವರು ಆ ಗುಡಿ ಎಬ್ಬಿಸಿದರು. ಗುಡಿ ಎದ್ದು ನಿಂತ ಮೇಲೂ, ಹೆಂಗಸು ಅನ್ನೋ ಕಾರಣಕ್ಕೆ ಅಲ್ಲಿನ ಆರಾಧನೆಯಲ್ಲಿ ಅವರಿಗೆ ಹಾಡೋಕೆ ಬಿಡಲಿಲ್ಲ. ಆಮೇಲೆ ಅವರು ಮಾಡಿದ್ದೇನು ಅನ್ನೋದನ್ನು ಸ್ವಂತ ಕಾಲ ಮೇಲೆ ನಿಲ್ಲಬೇಕು ಅಂತಿರುವ ಪ್ರತಿ ಹೆಣ್ಣುಮಗಳೂ ತಿಳಿದಿರಬೇಕು.

ಆಸರೆ ತಪ್ಪಿದ ಬಾಲ್ಯ

ನಾಗರತ್ನಮ್ಮ ಹುಟ್ಟಿದ್ದು 1878ರ ನವೆಂಬರ್ 3ರಂದು. ತಾಯಿ ಪುಟ್ಟಲಕ್ಷ್ಮಮ್ಮ ದೇವದಾಸಿ ಮನೆತನದವರು. ಅವರ ಹಿರಿಯರು ಮೈಸೂರು ಅರಮನೆಯಲ್ಲಿ ಸಂಗೀತ ಸೇವೆ ಮಾಡಿದ್ದವರು. ತಂದೆ ಸುಬ್ಬರಾಯರು ಮೈಸೂರಿನಲ್ಲಿ ವಕೀಲರು. ಮಗು ಇನ್ನೂ ಚಿಕ್ಕದಿರುವಾಗಲೇ ಅವರು ತಾಯಿ ಮಗಳನ್ನು ಕೈಬಿಟ್ಟರು.

ಆಗ ಆಸರೆ ಕೊಟ್ಟವರು ಆಸ್ಥಾನ ವಿದ್ವಾಂಸರಾಗಿದ್ದ ಗಿರಿಭಟ್ಟ ತಿಮ್ಮಯ್ಯನವರು. ಹುಡುಗಿಗೆ ಸಂಸ್ಕೃತ, ಸಂಗೀತ ಕಲಿಸಿದರು. ಐದನೇ ವಯಸ್ಸಿಗೇ ಅವಳಿಗೆ ದೇವದಾಸಿ ದೀಕ್ಷೆಯೂ ಆಯಿತು. ಆದರೆ ಸ್ವಲ್ಪ ಕಾಲಕ್ಕೆ ಆ ಆಸರೆಯೂ ತಪ್ಪಿತು. ತಾಯಿ ಮಗಳನ್ನು ಕರಕೊಂಡು ಮೈಸೂರು ಬಿಟ್ಟರು. ಪಿಟೀಲು ವಾದಕರಾಗಿದ್ದ ವೆಂಕಟಸ್ವಾಮಪ್ಪ ಎಂಬ ನೆಂಟರು ಮನೆಯಲ್ಲಿ ಜಾಗ ಕೊಟ್ಟರು.

ಗಂಡು ದಿಕ್ಕಿಲ್ಲದ ತಾಯಿ, ಹೇಳಿಕೊಳ್ಳೋಕೆ ತಂದೆಯ ಹೆಸರಿಲ್ಲದ ಮಗಳು. ಇಂಥವರ ಬಗ್ಗೆ ಊರಿನವರು ಏನು ಮಾತಾಡಿಕೊಂಡಿರಬಹುದು ಅಂತ ಯಾರೂ ಊಹಿಸಬಹುದು. ಆದರೂ ಪುಟ್ಟಲಕ್ಷ್ಮಮ್ಮ ಮಗಳ ಪಾಠ ನಿಲ್ಲಿಸಲಿಲ್ಲ. ಇವಳನ್ನು ದೊಡ್ಡ ವಿದುಷಿ ಮಾಡಲೇಬೇಕು ಅನ್ನೋದು ತಾಯಿ ಹಿಡಿದ ಹಟ. ಹುಡುಗಿ ಕನ್ನಡ, ತೆಲುಗು, ಸಂಸ್ಕೃತ, ಇಂಗ್ಲಿಷ್ ನಾಲ್ಕೂ ಕಲಿತಳು. ಬೆಂಗಳೂರಿನಲ್ಲಿ ಮುನಿಸ್ವಾಮಪ್ಪ ಎಂಬ ಗುರುಗಳ ಹತ್ತಿರ ಸಂಗೀತ ಪಾಠ ಆಯಿತು. ಅವರು ತ್ಯಾಗರಾಜರ ಶಿಷ್ಯಪರಂಪರೆಯವರು. ಮುಂದೆ ಇಡೀ ಬದುಕಿಗೆ ಗುರಿಯಾದ ತ್ಯಾಗರಾಜರ ಹೆಸರು ಆ ಹುಡುಗಿಯ ಕಿವಿಗೆ ಬಿದ್ದದ್ದು ಹೀಗೆ, ದಿನದಿನದ ಪಾಠದಲ್ಲಿ. ಸಂಗೀತದ ಜೊತೆಗೆ ನಾಟ್ಯವನ್ನೂ ಕಲಿತು, ಹದಿನೈದನೇ ವಯಸ್ಸಿಗೆ ವಿದ್ವಾಂಸರ ಮುಂದೆ ಮೊದಲ ಪ್ರದರ್ಶನ ಕೊಟ್ಟಳು.

ಕಸುಬು ಕೈಹಿಡಿಯಿತು

ಮೈಸೂರು ಆಸ್ಥಾನದ ಮನ್ನಣೆ ಸಿಕ್ಕಿತು. ತಿರುವಾಂಕೂರು, ಬೊಬ್ಬಿಲಿ, ವಿಜಯನಗರಂ ಸಂಸ್ಥಾನಗಳಿಂದಲೂ ಕರೆ ಬಂತು. ಬೆಂಗಳೂರಿನಲ್ಲಿ ಅವರಿಗೆ ಬೆಂಬಲವಾಗಿ ನಿಂತವರು ಮೈಸೂರು ಹೈಕೋರ್ಟಿನ ನ್ಯಾಯಮೂರ್ತಿ ನರಹರಿರಾಯರು. ಸಂಗೀತದಲ್ಲಿ ಇನ್ನೂ ಮೇಲೆ ಬರಬೇಕಾದರೆ ಮದರಾಸಿಗೆ ಹೋಗೋದು ಒಳ್ಳೇದು ಅಂತ ಸಲಹೆ ಕೊಟ್ಟವರೂ ಅವರೇ.

ನಾಗರತ್ನಮ್ಮ ಮದರಾಸಿಗೆ ಹೋದರು. ಇಪ್ಪತ್ತನೇ ಶತಮಾನ ಇನ್ನೂ ಶುರುವಾಗಿದ್ದ ಕಾಲ. ಇಂದು ಹಾಸನದಿಂದ ಬೆಂಗಳೂರಿಗೆ ಕೆಲಸಕ್ಕೆ ಹೊರಟ ಮಗಳನ್ನು ಬಸ್ ಹತ್ತಿಸುವಾಗಲೇ ಮನೆಯವರ ಎದೆ ಡವಗುಟ್ಟುತ್ತೆ. ಆ ಕಾಲಕ್ಕೆ ಭಾಷೆ ಬೇರೆ ಇರುವ ದೊಡ್ಡ ಪಟ್ಟಣದಲ್ಲಿ ಒಬ್ಬ ಹೆಂಗಸು ತನ್ನ ವಿದ್ಯೆಯೊಂದನ್ನೇ ನಂಬಿ ನೆಲೆಯೂರಿದ್ದು ಸಣ್ಣ ಮಾತಲ್ಲ.

ಅಲ್ಲಿ ಕಚೇರಿ ಮೇಲೆ ಕಚೇರಿ. ಗ್ರಾಮಫೋನ್ ಕಂಪನಿಯವರು ಅವರ ಹಾಡುಗಳನ್ನು ರೆಕಾರ್ಡ್ ಮಾಡಿಕೊಂಡರು. ಹರಿಕಥೆಯನ್ನೂ ಮಾಡಿದರು. ಎಲ್ಲಿ, ಯಾವತ್ತು ಹಾಡಿದೆ ಅನ್ನೋದನ್ನು ಅವರು ಬರೆದಿಡುತ್ತಿದ್ದರು. ಆ ಲೆಕ್ಕ ಸಾವಿರ ಕಚೇರಿ ದಾಟುತ್ತೆ. ಮದರಾಸಿನಲ್ಲಿ ಆದಾಯ ತೆರಿಗೆ ಕಟ್ಟಿದ ಮೊದಲ ಮಹಿಳಾ ಕಲಾವಿದೆ ಅನ್ನೋ ಹೆಸರೂ ಅವರಿಗಿದೆ.

ಈ ಸಂಗತಿ ಅಂಗಡಿ ಇಟ್ಟವರಿಗೆ ಬೇಗ ಅರ್ಥವಾಗುತ್ತೆ. ತೆರಿಗೆ ಕಟ್ಟೋದು ಅಂದ್ರೆ ಇದು ನನ್ನ ದುಡಿಮೆ, ಇದು ನನ್ನ ಆದಾಯ ಅಂತ ಸರ್ಕಾರದ ಪುಸ್ತಕದಲ್ಲಿ ತನ್ನ ಹೆಸರಲ್ಲೇ ಬರೆಸೋದು. ಹಾಡುವ ಹೆಂಗಸು ಅಂದ್ರೆ ಯಾರದೋ ಆಶ್ರಯದಲ್ಲಿ ಇರುವವಳು ಅಂತ ಜನ ತಿಳಿದಿದ್ದ ಕಾಲದಲ್ಲಿ ನಾಗರತ್ನಮ್ಮ ತಮ್ಮನ್ನು ತಾವು ಒಬ್ಬ ಕಸುಬುದಾರಳಾಗಿ ಕಂಡರು. ಆತ್ಮವಿಶ್ವಾಸ ಅನ್ನೋದು ಅವರಲ್ಲಿ ಬರೀ ಮಾತಾಗಿರಲಿಲ್ಲ, ಲೆಕ್ಕದ ಪುಸ್ತಕದಲ್ಲೂ ಇತ್ತು.

ಒಂದು ಪುಸ್ತಕಕ್ಕಾಗಿ ಪಟ್ಟ ಪಾಡು

ಅವರ ಮೊದಲ ದೊಡ್ಡ ಹೋರಾಟ ನಡೆದದ್ದು ಪುಸ್ತಕವೊಂದರ ವಿಷಯದಲ್ಲಿ. ಹದಿನೆಂಟನೇ ಶತಮಾನದಲ್ಲಿ ತಂಜಾವೂರಿನ ಪ್ರತಾಪಸಿಂಹ ರಾಜನ ಆಸ್ಥಾನದಲ್ಲಿ ಮುದ್ದುಪಳನಿ ಎಂಬ ಕವಯಿತ್ರಿ ಇದ್ದಳು. ರಾಧೆ, ಕೃಷ್ಣರ ಪ್ರೇಮದ ಬಗ್ಗೆ ತೆಲುಗಿನಲ್ಲಿ 'ರಾಧಿಕಾ ಸಾಂತ್ವನಂ' ಎಂಬ ಕಾವ್ಯ ಬರೆದಿದ್ದಳು. ಆಂಧ್ರದ ದೊಡ್ಡ ಸಮಾಜ ಸುಧಾರಕರಾದ ಕಂದುಕೂರಿ ವೀರೇಶಲಿಂಗಂ ಅವರಿಗೆ ಈ ಕಾವ್ಯದ ಶೃಂಗಾರ ಹಿಡಿಸಿರಲಿಲ್ಲ. ಹೆಣ್ಣಾಗಿ ಇಂಥದ್ದನ್ನು ಬರೆದದ್ದು ನಾಚಿಕೆಗೇಡು ಅನ್ನೋ ಅರ್ಥದಲ್ಲಿ ಟೀಕೆ ಮಾಡಿದ್ದರು.

ನಾಗರತ್ನಮ್ಮ ಈ ಕಾವ್ಯವನ್ನು ಹುಡುಕಿಸಿ ಓದಿದರು. ಆಗಲೇ ಅಚ್ಚಾಗಿದ್ದ ಪ್ರತಿಯಲ್ಲಿ ಎಷ್ಟೋ ಭಾಗ ಬಿಟ್ಟುಹೋಗಿತ್ತು. ಹಸ್ತಪ್ರತಿ ಸಂಪಾದಿಸಿ, ಸರಿಯಾದ ಪಾಠ ಸಿದ್ಧಮಾಡಿ, 1910ರಲ್ಲಿ ಮದರಾಸಿನ ವಾವಿಳ್ಳ ಪ್ರಕಾಶನದ ಮೂಲಕ ಅಚ್ಚು ಹಾಕಿಸಿದರು. ಮುನ್ನುಡಿಯಲ್ಲಿ ನೇರವಾಗಿ ವಾದ ಹೂಡಿದರು. ಗಂಡಸರು ಬರೆದ ಅಂಥದೇ ಶೃಂಗಾರ ಕಾವ್ಯಗಳನ್ನು ಜನ ಮೆಚ್ಚಿ ಓದುತ್ತಾರೆ, ನಾಚಿಕೆ ಅನ್ನೋದು ಹೆಂಗಸಿಗೆ ಮಾತ್ರವೇ ಅನ್ನೋದು ಅವರ ವಾದದ ತಿರುಳು.

1911ರಲ್ಲಿ ಬ್ರಿಟಿಷ್ ಸರ್ಕಾರ ಪುಸ್ತಕ ಅಶ್ಲೀಲ ಅಂತ ನಿಷೇಧಿಸಿತು. ಪೊಲೀಸರು ಪ್ರತಿಗಳನ್ನು ಎತ್ತಿಕೊಂಡು ಹೋದರು. ಆ ನಿಷೇಧ ತೆರವಾದದ್ದು 1947ರಲ್ಲಿ, ಟಿ. ಪ್ರಕಾಶಂ ಅವರು ಮದರಾಸು ಪ್ರಾಂತ್ಯದ ಮುಖ್ಯಸ್ಥರಾಗಿದ್ದಾಗ. ಅಷ್ಟರಲ್ಲಿ ನಾಗರತ್ನಮ್ಮನವರಿಗೆ ಅರವತ್ತೆಂಟು ವರ್ಷ. ಇಟ್ಟ ಒಂದು ಹೆಜ್ಜೆಯ ಫಲ ಕಾಣೋಕೆ ಮೂವತ್ತಾರು ವರ್ಷ ಕಾಯಬೇಕಾಯಿತು. ಆದರೆ ಅವರು ಕಾಯುತ್ತಾ ಸುಮ್ಮನೆ ಕೂರಲಿಲ್ಲ.

ಮೈಸೂರಿನಿಂದ ಬಂದ ಪತ್ರ

1921ರಲ್ಲಿ ಮೈಸೂರಿನ ಹೆಸರಾಂತ ಗಾಯಕ ಬಿಡಾರಂ ಕೃಷ್ಣಪ್ಪನವರಿಂದ ನಾಗರತ್ನಮ್ಮನವರಿಗೆ ಒಂದು ಪತ್ರ ಬಂತು. ನಾಗರತ್ನಮ್ಮ ಅವರನ್ನು ಗುರುವೆಂದು ಕಂಡವರು. ಪಿಟೀಲು ಚೌಡಯ್ಯನವರ ಗುರುಗಳೂ ಇದೇ ಕೃಷ್ಣಪ್ಪನವರು. ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿ ಪಾಳುಬಿದ್ದಿದೆ ಅನ್ನೋದು ಪತ್ರದ ಸಾರಾಂಶ. ತ್ಯಾಗರಾಜರು ತೀರಿಕೊಂಡದ್ದು 1847ರಲ್ಲಿ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಶಿಷ್ಯಪರಂಪರೆಯವರು ಸಮಾಧಿಯನ್ನು ಒಮ್ಮೆ ದುರಸ್ತಿ ಮಾಡಿಸಿದ್ದರು. ಆಮೇಲೆ ನೋಡಿಕೊಳ್ಳುವವರು ಸರಿಯಾಗಿ ಇರಲಿಲ್ಲ.

ಆಗ ನಾಗರತ್ನಮ್ಮನವರಿಗೆ ವಯಸ್ಸು ನಲವತ್ತೆರಡು. ಹೆಸರಿತ್ತು, ಹಣವಿತ್ತು. ಆರಾಮವಾಗಿ ಇದ್ದುಬಿಡಬಹುದಿತ್ತು. ಆದರೆ ತಾವು ಅನ್ನ ಉಂಡದ್ದು ತ್ಯಾಗರಾಜರ ಕೃತಿ ಹಾಡಿ. ಹಾಗಾಗಿ ಅಲ್ಲೊಂದು ಗುಡಿ ಕಟ್ಟಬೇಕು, ನಿತ್ಯ ಪೂಜೆ ನಡೆಯಬೇಕು ಅನ್ನೋದೇ ಅವರ ಗುರಿಯಾಯಿತು.

ಅದಕ್ಕೆ ಅವರು ಹೊರಟ ರೀತಿ ಗಮನಿಸಬೇಕು. ಭಾಷಣ ಮಾಡಲಿಲ್ಲ, ಚಂದಾ ಪುಸ್ತಕ ಹಿಡಿದು ಮೊದಲು ಬೇರೆಯವರ ಮನೆಗೆ ಹೋಗಲಿಲ್ಲ. ಜಾಗ ಯಾರದು ಅಂತ ವಿಚಾರಿಸಿ, ಸಮಾಧಿಯ ಸುತ್ತಲಿನ ನೆಲದ ವ್ಯವಹಾರ ಸರಿಮಾಡಿಕೊಂಡರು. 1921ರಲ್ಲೇ ಅಡಿಗಲ್ಲು ಬಿತ್ತು. ಹಣ ಸಾಲದಾದಾಗ ಒಡವೆ ಮಾರಿದರು. ತ್ಯಾಗರಾಜರ ವಿಗ್ರಹ ಮಾಡಿಸಿ ನಿಲ್ಲಿಸಿದರು. 1920ರ ದಶಕದ ನಡುವಿನ ಹೊತ್ತಿಗೆ ಗುಡಿ ಸಿದ್ಧವಾಗಿ ಪ್ರತಿಷ್ಠೆಯೂ ಆಯಿತು. ಮೊದಲು ನೆಲ, ಆಮೇಲೆ ಗೋಡೆ, ಆಮೇಲೆ ಪೂಜೆಗೆ ಏರ್ಪಾಡು. ಮನೆ ಕಟ್ಟಿದವರಿಗೆ, ಅಂಗಡಿ ಎಬ್ಬಿಸಿದವರಿಗೆ ಈ ಕ್ರಮದ ಬೆಲೆ ಗೊತ್ತು.

ಗುಡಿಯ ಹಿಂದೆ ಕೂತು ಹಾಡಿದರು

ಇಷ್ಟೆಲ್ಲ ಆದ ಮೇಲೆ ಎದುರಾದದ್ದೇ ನಿಜವಾದ ಪರೀಕ್ಷೆ. ತಿರುವಯ್ಯಾರಿನ ಆರಾಧನೆ ಆಗ ಎರಡು ಬಣಗಳ ಕೈಯಲ್ಲಿತ್ತು. ದೊಡ್ಡ ಬಣ, ಚಿಕ್ಕ ಬಣ ಅಂತಲೇ ಅವುಗಳಿಗೆ ಹೆಸರು. ಇಬ್ಬರಿಗೂ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುತ್ತಿರಲಿಲ್ಲ. ಬೇರೆ ಬೇರೆ ದಿನ ಹಂಚಿಕೊಂಡು ಉತ್ಸವ ನಡೆಸುತ್ತಿದ್ದರು. ಆದರೆ ಒಂದು ವಿಷಯದಲ್ಲಿ ಇಬ್ಬರದೂ ಒಂದೇ ಮಾತು: ಹೆಂಗಸರು ಅಲ್ಲಿ ಹಾಡಕೂಡದು. ಅದರಲ್ಲೂ ದೇವದಾಸಿ ಮನೆತನದ ಹೆಂಗಸರಂತೂ ಬೇಡವೇ ಬೇಡ.

ಬೇಲೂರಿನ ಶಿಲಾಬಾಲಿಕೆಯರನ್ನು ನಾವು ಹೆಮ್ಮೆಯಿಂದ ನೆಂಟರಿಗೆ ತೋರಿಸುತ್ತೇವೆ. ಕಲ್ಲಿನಲ್ಲಿ ಕುಣಿಯುವವಳಿಗೆ ದೇವಸ್ಥಾನದ ಗೋಡೆಯಲ್ಲೇ ಜಾಗ. ಆದರೆ ಅದೇ ವಿದ್ಯೆ ಕಲಿತು ಬದುಕಿದ ಜೀವಂತ ಹೆಣ್ಣಿಗೆ ತಾನೇ ಕಟ್ಟಿಸಿದ ಗುಡಿಯ ಮುಂದೆ ಕೂತು ಹಾಡೋಕೆ ಜಾಗ ಇರಲಿಲ್ಲ.

ಇಂಥ ಹೊತ್ತಿನಲ್ಲಿ ಯಾರಿಗಾದರೂ ಎರಡು ದಾರಿ ಕಾಣುತ್ತೆ. ಬೇಸರ ಮಾಡಿಕೊಂಡು ಊರಿಗೆ ವಾಪಸ್ ಹೋಗೋದು, ಇಲ್ಲ ಜಗಳಕ್ಕೆ ನಿಲ್ಲೋದು. ನಾಗರತ್ನಮ್ಮ ಮೂರನೇ ದಾರಿ ಹಿಡಿದರು. 1927ರಲ್ಲಿ ಹೆಂಗಸರದ್ದೇ ಒಂದು ಬಣ ಕಟ್ಟಿದರು. ಬೇರೆ ಬೇರೆ ಊರಿನ ಕಲಾವಿದೆಯರನ್ನು ಕರೆಸಿ, ಗುಡಿಯ ಹಿಂಭಾಗದಲ್ಲಿ ಕೂರಿಸಿ, ಆರಾಧನೆ ನಡೆಸಿಯೇಬಿಟ್ಟರು. ಮುಂದೆ ಗಂಡಸರ ಉತ್ಸವ, ಹಿಂದೆ ಹೆಂಗಸರ ಸಂಗೀತ. ಒಂದು ವರ್ಷಕ್ಕೆ ಮುಗಿಯಲಿಲ್ಲ, ವರ್ಷ ವರ್ಷವೂ ನಡೆಯಿತು.

ಜಾಗ ಹಿಂದೆಯೋ ಮುಂದೆಯೋ ಅನ್ನೋದಕ್ಕಿಂತ ಹಾಡು ನಿಲ್ಲಬಾರದು ಅನ್ನೋದು ಅವರಿಗೆ ಮುಖ್ಯವಾಯಿತು. ನಿಧಾನಕ್ಕೆ ಜನ ಅಲ್ಲಿಗೂ ಬರತೊಡಗಿದರು. ಕೊನೆಗೆ ಮೂರೂ ಬಣ ಬೇರೆ ಬೇರೆ ಇರೋದರಲ್ಲಿ ಅರ್ಥವಿಲ್ಲ ಅನ್ನೋ ಮಾತು ಬಂತು. ಹಿರಿಯ ಸಂಗೀತಗಾರರು, ಅಧಿಕಾರಿಗಳು ನಡುವೆ ನಿಂತು ಮಾತುಕತೆ ನಡೆಸಿದರು. 1940-41ರ ಹೊತ್ತಿಗೆ ಎಲ್ಲರೂ ಒಂದೇ ಸಭೆಯಡಿ ಸೇರಿದರು. ಹೆಂಗಸರಿಗೂ ಮುಂದೆ ಕೂತು ಹಾಡುವ ಹಕ್ಕು ಸಿಕ್ಕಿತು. 1927ರಿಂದ ಲೆಕ್ಕ ಹಾಕಿದರೆ ಹದಿಮೂರು, ಹದಿನಾಲ್ಕು ವರ್ಷ ಆ ಹಿಂಬದಿಯ ಸಂಗೀತ ನಡೆದಿತ್ತು.

ಎಲ್ಲವೂ ಗೆಲುವಲ್ಲ

ನಾಗರತ್ನಮ್ಮನವರು ಹಿಡಿದದ್ದೆಲ್ಲ ಕೈಗೂಡಲಿಲ್ಲ. ಅದೇ 1920ರ ದಶಕದ ಕೊನೆಯಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು ದೇವದಾಸಿ ಪದ್ಧತಿ ನಿಲ್ಲಿಸಬೇಕು ಅಂತ ಮದರಾಸಿನ ಶಾಸನಸಭೆಯಲ್ಲಿ ಹೋರಾಡಿದರು. ಹೆಣ್ಣುಮಕ್ಕಳ ಶೋಷಣೆ ತಪ್ಪಬೇಕು ಅನ್ನೋದು ಅವರ ಕಾಳಜಿ. ನಾಗರತ್ನಮ್ಮ ದೇವದಾಸಿಯರ ಸಂಘದ ಮುಂದಾಳಾಗಿ ಅದನ್ನು ವಿರೋಧಿಸಿದರು. ಈ ಮನೆತನಗಳಲ್ಲಿ ಹೆಣ್ಣಿಗೆ ವಿದ್ಯೆ ಇದೆ, ಆಸ್ತಿಯ ಹಕ್ಕಿದೆ, ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಕಳಂಕ ಹಚ್ಚಬೇಡಿ ಅನ್ನೋದು ಇವರ ಕಡೆಯವರ ವಾದ.

ಕೊನೆಗೆ 1947ರಲ್ಲಿ ಕಾನೂನು ಬಂತು. ಚಿಕ್ಕ ಹುಡುಗಿಯರನ್ನು ದೇವರ ಹೆಸರಲ್ಲಿ ಬಿಡುವ ಪದ್ಧತಿ ನಿಲ್ಲಬೇಕಾದದ್ದೇ ಅನ್ನೋದರಲ್ಲಿ ಇಂದು ಯಾರಿಗೂ ಅನುಮಾನವಿಲ್ಲ. ಆದರೆ ಶತಮಾನಗಳ ಕಾಲ ಸಂಗೀತ, ನಾಟ್ಯ ಉಳಿಸಿದ ಆ ಹೆಂಗಸರಿಗೆ ಸಿಗಬೇಕಾದ ಮರ್ಯಾದೆ ಸಿಗಲಿಲ್ಲ ಅನ್ನೋ ನೋವೂ ಸುಳ್ಳಲ್ಲ. ಇಬ್ಬರೂ ಸ್ವಂತ ಶಕ್ತಿಯಿಂದ ಮೇಲೆ ಬಂದವರು. ಎದುರುಬದುರು ನಿಂತರೂ ಇಬ್ಬರ ಕಣ್ಣ ಮುಂದೆಯೂ ಇದ್ದದ್ದು ಹೆಣ್ಣಿನ ಗೌರವವೇ. ಒಂದೇ ವರ್ಷದಲ್ಲಿ ನಾಗರತ್ನಮ್ಮನವರ ಪುಸ್ತಕ ಗೆದ್ದಿತು, ಈ ವಾದ ಸೋತಿತು.

ಉಯಿಲಿನಲ್ಲೂ ಅದೇ ಗುರಿ

ಕೊನೆಯ ವರ್ಷಗಳನ್ನು ಅವರು ತಿರುವಯ್ಯಾರಿನಲ್ಲೇ ಕಳೆದರು. ಬೆಂಗಳೂರು ಹೆಸರಲ್ಲಿ ಮಾತ್ರ ಉಳಿಯಿತು. ತಮ್ಮ ಆಸ್ತಿಯನ್ನು ಸಮಾಧಿಯ ಸೇವೆಗೆ ಬರೆದಿಟ್ಟು, ಅದಕ್ಕೊಂದು ಟ್ರಸ್ಟ್ ವ್ಯವಸ್ಥೆ ಮಾಡಿದರು. ಆರಾಧನೆಯಲ್ಲಿ ಹೆಂಗಸರಿಗೂ ಅವಕಾಶ ಇರಬೇಕು ಅನ್ನೋದನ್ನು ಉಯಿಲಿನಲ್ಲೇ ಸೇರಿಸಿದರು. ಬಾಯಿಮಾತಿನಲ್ಲಿ ಕೊಟ್ಟ ಹಕ್ಕನ್ನು ಬಾಯಿಮಾತಿನಲ್ಲೇ ಕಿತ್ತುಕೊಳ್ಳಬಹುದು ಅನ್ನೋದು ಬದುಕು ಅವರಿಗೆ ಬಾಲ್ಯದಿಂದ ಕಲಿಸಿದ ಪಾಠ. ತಂದೆ ಕೈಬಿಟ್ಟಾಗ ತಾಯಿ ಮಗಳ ಕೈಯಲ್ಲಿ ಒಂದು ಕಾಗದವೂ ಇರಲಿಲ್ಲ. ಆ ಮಗಳು ಸಾಯುವಾಗ ತನ್ನ ನಂತರ ಬರುವ ಹೆಣ್ಣುಮಕ್ಕಳ ಕೈಗೆ ಕಾಗದ ಕೊಟ್ಟು ಹೋದರು.

1952ರ ಮೇ 19ರಂದು ನಾಗರತ್ನಮ್ಮ ತೀರಿಕೊಂಡರು. ಆಗ ಎಪ್ಪತ್ತಮೂರು ವರ್ಷ. ಅದೇ ವರ್ಷ 'ರಾಧಿಕಾ ಸಾಂತ್ವನಂ' ಮತ್ತೆ ಅಚ್ಚಾಗಿ ಬಂತು.

ನಮ್ಮ ತಾಲ್ಲೂಕುಗಳ ಹೆಣ್ಣುಮಕ್ಕಳಿಗೆ

ಹಾಸನದ ಕಾಲೇಜಿನಲ್ಲಿ ಓದಿ ಪರೀಕ್ಷೆಗೆ ಕೂರುವ ಹುಡುಗಿ, ಹೊಳೆನರಸೀಪುರದ ಪೇಟೆಯಲ್ಲಿ ಟೈಲರಿಂಗ್ ಅಂಗಡಿ ಇಡಬೇಕು ಅಂತಿರುವ ಅಕ್ಕ, ಚನ್ನರಾಯಪಟ್ಟಣದಲ್ಲಿ ಸಂಘದ ಸಾಲ ತೆಗೆದು ಹಸು ಕಟ್ಟಿದ ಅಮ್ಮ, ಎಲ್ಲರಿಗೂ ಈ ಕಥೆಯಲ್ಲಿ ಹಿಡಿದುಕೊಳ್ಳೋಕೆ ಏನಾದರೂ ಇದೆ. ಗುರಿ ಇಡೋದು ಅಂದ್ರೆ ದೊಡ್ಡದಾಗಿ ಕನಸು ಕಾಣೋದು ಅಷ್ಟೇ ಅಲ್ಲ. ಮೊದಲು ಏನು, ಆಮೇಲೆ ಏನು ಅಂತ ಸಾಲಾಗಿ ಬರೆದುಕೊಳ್ಳಬೇಕು. ದುಡಿದದ್ದರ ಲೆಕ್ಕ ತನ್ನ ಕೈಯಲ್ಲೇ ಇರಬೇಕು. ಅಂಗಡಿ ಲೈಸೆನ್ಸು, ಬ್ಯಾಂಕಿನ ಪಾಸ್‌ಬುಕ್ಕು, ಜಾಗದ ಪತ್ರದಲ್ಲಿ ತನ್ನ ಹೆಸರಿರಬೇಕು. ಇದಕ್ಕೆ ಬೇಕಾದ ಧೈರ್ಯ ಹುಟ್ಟಿನಿಂದ ಬರಲೇಬೇಕು ಅಂತೇನಿಲ್ಲ, ಒಂದೊಂದೇ ಕೆಲಸ ಮುಗಿಸುತ್ತಾ ಹೋದಂತೆ ಬರುತ್ತೆ.

ಮುಂದಿನ ಸಾಲಿನಲ್ಲಿ ಜಾಗ ಕೊಡಲಿಲ್ಲ ಅಂತ ಕೆಲಸ ಬಿಡುವ ಮೊದಲು, ಹದಿಮೂರು ವರ್ಷ ಗುಡಿಯ ಹಿಂದೆ ಕೂತು ಹಾಡಿದ ಆ ಹೆಂಗಸರನ್ನು ಒಮ್ಮೆ ನೆನೆಯಬೇಕು. ಅವರು ಹಿಂದೆ ಕೂತದ್ದು ಸೋತು ಅಲ್ಲ. ಮುಂದಿನ ಜಾಗ ತಮ್ಮದೂ ಹೌದು ಅನ್ನೋದನ್ನು ಪ್ರತಿ ವರ್ಷ ಬಂದು ಹೇಳಿದರು.

ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಎದುರಾಗಿ ಈಗ ನಾಗರತ್ನಮ್ಮನವರ ಸ್ಮಾರಕ ಇದೆ. ಕೂತ ಭಂಗಿಯ ಅವರ ಪ್ರತಿಮೆ ಸಮಾಧಿಯ ಕಡೆಗೇ ಮುಖ ಮಾಡಿದೆ. ಮುಂದಿನ ಆರಾಧನೆಯ ದಿನ ಟಿವಿ ಹಾಕಿದಾಗ ಗಂಡಸರ ದನಿಯ ಜೊತೆ ಹೆಂಗಸರ ದನಿಯೂ ಕೇಳುತ್ತೆ. ಆ ಕಡೆಗೆ ಸ್ವಲ್ಪ ಕಿವಿಗೊಡಿ.